ಐದನೇ ಪ್ರಶ್ನೆಯಲ್ಲಿ ನಾನು ನಿಲ್ಲಬೇಕಿತ್ತು

ನನ್ನ ಮೊದಲ ಸಂದರ್ಶನದ ಮೊದಲ ಪ್ರಶ್ನೆಯೇ ತಪ್ಪಾಗಿತ್ತು. "ಮನೆಯಲ್ಲಿ ನಿಮ್ಮ ಮೇಲೆ ದೌರ್ಜನ್ಯ ನಡೆದಿದೆಯಾ?" ಅಂತ ಕೇಳಿದ್ದೆ. ಎದುರಿಗೆ ಕೂತಿದ್ದವರು ಸ್ವಲ್ಪ ಯೋಚಿಸಿ, "ಇಲ್ಲ ಮೇಡಂ, ಅಂಥದ್ದೇನೂ ಇಲ್ಲ" ಅಂದರು. ನಾನು "ಇಲ್ಲ" ಅಂತ ಗುರುತು ಹಾಕಿಕೊಂಡೆ. ಉಳಿದ ಪ್ರಶ್ನೆಗಳನ್ನೆಲ್ಲ ಬೇಗ ಬೇಗ ಮುಗಿಸಿದೆ.

ಕಾಗದ ಮಡಚಿ ಚೀಲಕ್ಕೆ ಹಾಕಿಕೊಳ್ಳುವಾಗ ಅವರೇ ಮಾತು ತೆಗೆದರು. "ಕೋಪ ಬಂದರೆ ಒಂದೆರಡು ಹೊಡೀತಾರೆ, ಅಷ್ಟೆ. ಒಂದು ಸಲ ಮಾತ್ರ ಕೈ ಮುರಿದಿತ್ತು. ಅದು ಬಿಟ್ಟರೆ ಒಳ್ಳೆಯವರೇ."

ನಾನು ಆಗ ಪಿಎಚ್‌ಡಿ ವಿದ್ಯಾರ್ಥಿ. ಸಂಜೆ ಗೈಡ್ ಹತ್ತಿರ ಹೋಗಿ, "ಅವರು ನಿಜ ಹೇಳಲಿಲ್ಲ ಮೇಡಂ" ಅಂದೆ. ಅವರು ನನ್ನ ಕಾಗದ ನೋಡಿ, "ಅವರು ನಿಜಾನೇ ಹೇಳಿದ್ದಾರೆ. ದೌರ್ಜನ್ಯ ಅನ್ನೋದು ನಿನ್ನ ಪದ. ಅವರ ಮನೆಯಲ್ಲಿ ಆ ಪದ ಇಲ್ಲ" ಅಂದರು. ಮಾರನೇ ದಿನ ಪ್ರಶ್ನಾವಳಿಯನ್ನು ಪೂರ್ತಿ ಬದಲಾಯಿಸಿದೆವು.

ಅದಾಗಿ ಸುಮಾರು 20 ವರ್ಷ ಆಯಿತು. ಮನೆಯೊಳಗಿನ ಹಿಂಸೆ, ಅದರಲ್ಲೂ ಗಂಡ ಹೆಂಡತಿ ಅಥವಾ ಜೊತೆಗಿರುವ ಸಂಗಾತಿಗಳ ನಡುವಿನ ಹಿಂಸೆ, ನನ್ನ ಕೆಲಸ. ಏನು ಸಂಶೋಧನೆ ಮಾಡ್ತೀರಿ ಅಂತ ಯಾರಾದರೂ ಕೇಳಿದರೆ, ಕೇಳೋದು ಹೇಗೆ ಅಂತ ಕಲೀತಾ ಇದ್ದೀನಿ ಅನ್ನುತ್ತೇನೆ. ಈ ಬರಹವೂ ಅದರ ಬಗ್ಗೆಯೇ.

ಹೊಸ ಪ್ರಶ್ನಾವಳಿಯಲ್ಲಿ ದೌರ್ಜನ್ಯ, ಹಿಂಸೆ ಅನ್ನೋ ಪದಗಳೇ ಇರಲಿಲ್ಲ. ಕೆನ್ನೆಗೆ ಹೊಡೆದಿದ್ದಾರಾ, ನೋವಾಗುವಂಥದ್ದನ್ನು ಎಸೆದಿದ್ದಾರಾ? ತಳ್ಳಿದ್ದಾರಾ, ಕೂದಲು ಹಿಡಿದು ಎಳೆದಿದ್ದಾರಾ? ಮುಷ್ಟಿಯಿಂದ ಗುದ್ದಿದ್ದಾರಾ? ಹೀಗೆ ಒಂದೊಂದೇ ಕ್ರಿಯೆಯನ್ನು ಹೆಸರಿಸಿ ಕೇಳುವುದು. ಈ ದಾರಿ ಹಳೆಯದು. ಅಮೆರಿಕದ ಸಮಾಜಶಾಸ್ತ್ರಜ್ಞ ಮರ್ರೇ ಸ್ಟ್ರಾಸ್ 1979ರಲ್ಲಿ ಪ್ರಕಟಿಸಿದ ಕಾನ್‌ಫ್ಲಿಕ್ಟ್ ಟ್ಯಾಕ್ಟಿಕ್ಸ್ ಸ್ಕೇಲ್ಸ್ ಅನ್ನೋ ಅಳತೆಪಟ್ಟಿ ಹೀಗೇ ಇತ್ತು. ಅದಕ್ಕೂ ಮೊದಲು ಈ ವಿಷಯದ ಲೆಕ್ಕ ಸಿಗುತ್ತಿದ್ದದ್ದು ಹೆಚ್ಚಾಗಿ ಪೊಲೀಸ್ ದಾಖಲೆಗಳಲ್ಲಿ, ಆಸ್ಪತ್ರೆಗಳಲ್ಲಿ. ಅಲ್ಲಿಗೆ ಹೋಗದವರು ಲೆಕ್ಕಕ್ಕೇ ಇರಲಿಲ್ಲ. ಸ್ಟ್ರಾಸ್ ಮತ್ತು ಅವರ ಜೊತೆಗಾರರು 1975ರಲ್ಲಿ ಅಮೆರಿಕದಾದ್ಯಂತ 2,143 ಕುಟುಂಬಗಳಲ್ಲಿ ನೇರವಾಗಿ ಕೇಳಿದರು. ಜನ ಉತ್ತರ ಕೊಟ್ಟರು. ಇಂಥದ್ದನ್ನೆಲ್ಲ ಕೇಳಿದರೆ ಯಾರು ಹೇಳ್ತಾರೆ ಅನ್ನೋ ಮಾತು ಅಲ್ಲಿಗೆ ನಿಂತಿತು.

ಆದರೆ ಆ ಪಟ್ಟಿ ದೊಡ್ಡ ಜಗಳವನ್ನೂ ತಂದಿತು. ಅದರ ಪ್ರಕಾರ ಎಣಿಸಿದರೆ ಗಂಡಸರು ಹೊಡೆಯುವುದೂ ಹೆಂಗಸರು ಹೊಡೆಯುವುದೂ ಹತ್ತಿರ ಹತ್ತಿರ ಸಮ ಬರುತ್ತಿತ್ತು. ಹಿಂಸೆ ತಾಳದೆ ಮನೆ ಬಿಟ್ಟು ಬಂದ ಹೆಂಗಸರಿಗೆ ಇರುವ ಆಶ್ರಯ ಮನೆಗಳಲ್ಲಿ ಕೆಲಸ ಮಾಡುವವರು ಇದನ್ನು ಒಪ್ಪಲು ಸಾಧ್ಯವೇ ಇರಲಿಲ್ಲ, ಅವರು ದಿನಾ ನೋಡುತ್ತಿದ್ದದ್ದು ಬೇರೆಯೇ. ನನ್ನ ಮೊದಲ ಸೆಮಿನಾರಿನಲ್ಲಿ ಒಬ್ಬರು ಎದ್ದು ನಿಂತು, "ಹಾಗಾದರೆ ಇಬ್ಬರೂ ಒಂದೇ ಅಲ್ವಾ?" ಅಂತ ಕೇಳಿದರು. ನನ್ನ ಮನೆ ಮನೆ ಸಮೀಕ್ಷೆಯ ಅಂಕಿಗಳೂ ಅದನ್ನೇ ಹೇಳುತ್ತಿದ್ದವು. ಆಶ್ರಯ ಮನೆಯಲ್ಲಿ ಮಾಡಿದ ಸಂದರ್ಶನಗಳು ಮಾತ್ರ ಪೂರ್ತಿ ಬೇರೆ ಹೇಳುತ್ತಿದ್ದವು. ಒಂದೇ ಕೈ, ಒಂದೇ ಪ್ರಶ್ನೆ, ಎರಡು ಲೋಕ. ಏನು ಹೇಳಬೇಕೋ ಗೊತ್ತಾಗಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮೈಕೆಲ್ ಜಾನ್ಸನ್ ಅನ್ನುವ ಸಂಶೋಧಕರು 1995ರಲ್ಲೇ ಇದಕ್ಕೊಂದು ಉತ್ತರ ಬರೆದಿದ್ದರು, ನನ್ನ ಕಣ್ಣಿಗೆ ಬಿದ್ದದ್ದು ಆಮೇಲೆ. ಎರಡೂ ಕಡೆಯವರು ನೋಡುತ್ತಿರುವುದು ನಿಜವೇ, ಆದರೆ ಒಂದೇ ವಿಷಯವನ್ನು ನೋಡುತ್ತಿಲ್ಲ ಅನ್ನುವುದು ಅವರ ವಾದ. ಜಗಳ ಹೆಚ್ಚಾಗಿ ಕೈ ಮಾಡುವುದು ಒಂದು ಬಗೆ. ಅದು ಎರಡೂ ಕಡೆಯಿಂದ ಆಗಬಹುದು, ಅದರಲ್ಲೂ ಪೆಟ್ಟಾಗುತ್ತದೆ, ಅದೇನು ಸಣ್ಣ ವಿಷಯ ಅಲ್ಲ. ಇನ್ನೊಂದು ಬಗೆಯಲ್ಲಿ ಹೊಡೆತ ಒಂದು ಸಾಧನ ಮಾತ್ರ. ಹಣ, ಫೋನು, ಓಡಾಟ, ತವರಿನ ಸಂಬಂಧ, ಏನು ಉಡಬೇಕು, ಯಾರ ಹತ್ತಿರ ಮಾತಾಡಬೇಕು, ಎಲ್ಲವೂ ಒಬ್ಬರ ಹಿಡಿತದಲ್ಲಿ. ಹಾಗೆ ಹಿಡಿತದಲ್ಲಿಟ್ಟುಕೊಳ್ಳುವವರಲ್ಲಿ ಬಹುಪಾಲು ಗಂಡಸರು. ಮನೆ ಮನೆ ಸಮೀಕ್ಷೆಯಲ್ಲಿ ಮೊದಲನೆಯದು ಜಾಸ್ತಿ ಸಿಗುತ್ತದೆ. ಎರಡನೆಯದು ಆಶ್ರಯ ಮನೆಯಲ್ಲಿ, ಆಸ್ಪತ್ರೆಯಲ್ಲಿ, ಠಾಣೆಯಲ್ಲಿ ಸಿಗುತ್ತದೆ. ಹಿಡಿತದಲ್ಲಿರುವವರು ಬಾಗಿಲಿಗೆ ಬಂದ ಅಪರಿಚಿತರ ಪ್ರಶ್ನೆಗೆ ಯಾಕೆ ಉತ್ತರ ಕೊಡ್ತಾರೆ ಹೇಳಿ? ಕೊಟ್ಟರೆ ಆಮೇಲೆ ಏನಾಗುತ್ತೆ ಅಂತ ಅವರಿಗೆ ಗೊತ್ತು.

ಇದು ಪುಸ್ತಕದಲ್ಲಿ ಓದಿದಾಗ ತಲೆಗೆ ಹೋಯಿತು. ಎದೆಗೆ ಇಳಿದದ್ದು ಒಬ್ಬರು ವಯಸ್ಸಾದ ಹೆಂಗಸಿನ ಜೊತೆ ಮಾತಾಡಿದಾಗ. "ಕಳೆದ 12 ತಿಂಗಳಲ್ಲಿ" ಅಂತ ಶುರುವಾಗುವ ನನ್ನ ಎಲ್ಲ ಪ್ರಶ್ನೆಗೂ ಅವರದು "ಇಲ್ಲ, ಇಲ್ಲ, ಇಲ್ಲ". ಲೆಕ್ಕ ಸೊನ್ನೆ. ನಾನು ಸಮಾಧಾನದಿಂದ, "ಹಾಗಾದರೆ ಈಗ ನಿಂತಿದೆ ಅನ್ನಿ" ಅಂದೆ. ಅವರು ನನ್ನನ್ನೇ ನೋಡುತ್ತಾ ಹೇಳಿದರು: "ಈಗ ಹೊಡೆಯೋ ಅಗತ್ಯವೇ ಇಲ್ಲಮ್ಮ. ನೋಡಿದರೆ ಸಾಕು."

ನನ್ನ ಕಾಗದದಲ್ಲಿ ಆ ಮಾತನ್ನು ಬರೆಯಲು ಜಾಗವೇ ಇರಲಿಲ್ಲ. ಅಂಚಿನಲ್ಲಿ ಗೀಚಿಕೊಂಡು ಬಂದೆ. ಆಮೇಲಿನ ಎಲ್ಲ ಅಧ್ಯಯನಗಳಲ್ಲೂ ಒಂದು ಪ್ರಶ್ನೆ ಸೇರಿಸಿದೆ: "ಅವರು ಮನೆಗೆ ಬರುವ ಸದ್ದು ಕೇಳಿದಾಗ ನಿಮಗೆ ಏನಾಗುತ್ತೆ?" ಇದಕ್ಕೆ ಹೌದು ಇಲ್ಲ ಅಂತ ಉತ್ತರ ಇಲ್ಲ. ಕೋಡಿಂಗ್ ಮಾಡಲು, ಅಂದರೆ ಉತ್ತರವನ್ನು ಅಂಕಿಗೆ ಇಳಿಸಲು, ಕಷ್ಟ. ಪ್ರಕಟಣೆಗೆ ಮೊದಲು ನನ್ನ ಸಂಶೋಧನಾ ಪೇಪರ್ ಪರಿಶೀಲಿಸುವವರು ಪ್ರತಿ ಸಲ ಆಕ್ಷೇಪ ಎತ್ತುತ್ತಾರೆ. ನಾನು ಬಿಟ್ಟಿಲ್ಲ. 2015ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ, ಒಂದು ಏಟೂ ಹಾಕದೆ ಹೀಗೆ ಸತತವಾಗಿ ಹಿಡಿತದಲ್ಲಿ ಇಟ್ಟುಕೊಳ್ಳುವುದನ್ನೇ ಅಪರಾಧ ಅಂತ ಕಾನೂನು ಮಾಡಿದರು. ಆ ಸುದ್ದಿ ಓದಿದಾಗ ನನಗೆ ಆ ಅಮ್ಮನ ಮುಖವೇ ಕಣ್ಣ ಮುಂದೆ ಬಂತು.

ಇನ್ನು ಫೀಲ್ಡ್‌ಗೆ ಹೋಗುವ ಮೊದಲಿನ ಕೆಲಸ. ಇದರ ಬಗ್ಗೆ ಯಾರೂ ಜಾಸ್ತಿ ಬರೆಯಲ್ಲ, ಆದರೆ ಅರ್ಧ ಸಂಶೋಧನೆ ಅಲ್ಲೇ ಇದೆ. ಸಂಶೋಧನೆಯಿಂದ ಯಾರಿಗೂ ತೊಂದರೆ ಆಗದ ಹಾಗೆ ನೋಡಿಕೊಳ್ಳುವ ನೈತಿಕ ಸಮಿತಿ ನನ್ನ ಪ್ರಸ್ತಾವವನ್ನು ಎರಡು ಸಲ ವಾಪಸ್ ಕಳಿಸಿತು. ಹೀಗೆಲ್ಲ ಕೇಳಿದರೆ ಹೆಂಗಸರಿಗೆ ಮತ್ತೆ ನೋವಾಗುತ್ತೆ ಅನ್ನುವುದು ಅವರ ಆತಂಕ. ತಪ್ಪಲ್ಲ. ಆದರೆ ಸರಿಯಾಗಿ ತರಬೇತಿ ಆದವರು, ಸರಿಯಾದ ಜಾಗದಲ್ಲಿ ಕೇಳಿದರೆ ಹೆಚ್ಚಿನವರು ಮಾತಾಡಿದ್ದಕ್ಕೆ ಪಶ್ಚಾತ್ತಾಪ ಪಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 10 ದೇಶಗಳಲ್ಲಿ 24,000ಕ್ಕೂ ಜಾಸ್ತಿ ಮಹಿಳೆಯರನ್ನು ಮಾತಾಡಿಸಿ 2005ರಲ್ಲಿ ವರದಿ ಕೊಟ್ಟಿತು. ಸಂಗಾತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರ ಪ್ರಮಾಣ ಒಂದೊಂದು ಕಡೆ ಒಂದೊಂದು ರೀತಿ, ಶೇ. 15ರಿಂದ ಶೇ. 71ರವರೆಗೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಹೊಡೆತ ತಿಂದವರಲ್ಲಿ, ಜಾಗಕ್ಕೆ ತಕ್ಕಂತೆ, ಐದರಲ್ಲಿ ಒಂದು ಪಾಲಿನಿಂದ ಮೂರರಲ್ಲಿ ಎರಡು ಪಾಲಿನವರೆಗೆ ಜನ ಆ ಸಂದರ್ಶನಕ್ಕೆ ಮುಂಚೆ ಯಾರಿಗೂ ಹೇಳಿಯೇ ಇರಲಿಲ್ಲ. ಗುರುತು ಪರಿಚಯ ಇಲ್ಲದವರು ಬಂದು ಕೇಳುವವರೆಗೆ ಯಾರೂ ಕೇಳಿರಲಿಲ್ಲ ಅಂತ ಅರ್ಥ.

ಸಮಿತಿಯವರು ಸಹಿ ಹಾಕಿದ ಒಪ್ಪಿಗೆ ಪತ್ರ ಬೇಕು, ಅದರ ಒಂದು ಪ್ರತಿ ನಾವು ಮಾತಾಡಿಸಿದ ಹೆಂಗಸಿನ ಮನೆಯಲ್ಲಿರಬೇಕು ಅಂದರು. ನಾನು ಎದ್ದು ನಿಂತು ಕೇಳಿದೆ: ಆ ಕಾಗದ ಸಂಜೆ ಗಂಡನ ಕೈಗೆ ಸಿಕ್ಕರೆ? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಾಯಿಮಾತಿನ ಒಪ್ಪಿಗೆ ಸಾಕು ಅಂತ ತೀರ್ಮಾನ ಆಯಿತು. ಅಧ್ಯಯನದ ಹೆಸರಲ್ಲಿ ಹಿಂಸೆ ಅನ್ನೋ ಪದ ಇರಬಾರದು, ಮಹಿಳೆಯರ ಆರೋಗ್ಯದ ಸಮೀಕ್ಷೆ ಅಂತಲೇ ಹೇಳಬೇಕು, ಪೂರ್ತಿ ವಿಷಯವನ್ನು ಅವರೊಬ್ಬರೇ ಇರುವಾಗ ಹೇಳಿ ಒಪ್ಪಿಗೆ ಕೇಳಬೇಕು. ಒಂದು ಮನೆಯಲ್ಲಿ ಒಬ್ಬರನ್ನೇ ಮಾತಾಡಿಸಬೇಕು. ಸಹಾಯದ ಫೋನ್ ನಂಬರು ಕೊಡುವ ಚೀಟಿ ಅಂಗೈಗಿಂತ ಚಿಕ್ಕದಿರಬೇಕು, ಅದರಲ್ಲಿ ಬೇರೆ ಹತ್ತು ನಂಬರುಗಳೂ ಇರಬೇಕು. ಬೇಡ ಅಂದರೆ ಕೊಡಲೇಬಾರದು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಸುರಕ್ಷತೆಗೇ ಮೊದಲ ಸ್ಥಾನ. ಡೇಟಾ ಆಮೇಲೆ.

ಯಾರಾದರೂ ಒಳಗೆ ಬಂದರೆ ಕೇಳಲಿಕ್ಕೆ ಅಂತ ಬೇರೆ ಪ್ರಶ್ನೆಗಳ ಒಂದು ಹಾಳೆಯನ್ನು ಜೊತೆಗೇ ಇಟ್ಟುಕೊಳ್ಳುತ್ತೇವೆ. ಒಂದು ಸಲ ಒಬ್ಬರ ಜೊತೆ ಮಾತಾಡುತ್ತಿದ್ದಾಗ ಬಾಗಿಲು ತೆರೆಯಿತು. ನನ್ನ ಕೈ ಹಾಳೆ ಹುಡುಕುವಷ್ಟರಲ್ಲಿ ಅವರೇ, "ಮಂಡಿ ನೋವು ಅಂದೆನಲ್ಲ ಮೇಡಂ, ರಾತ್ರಿ ಹೊತ್ತು ಜಾಸ್ತಿ" ಅಂತ ಶುರು ಮಾಡಿದರು. ಧ್ವನಿಯಲ್ಲಿ ಒಂದು ಚೂರೂ ಬದಲಾವಣೆ ಇಲ್ಲ. ಮೂರು ವಾರ ತರಬೇತಿ ತೆಗೆದುಕೊಂಡಿದ್ದ ನನಗಿಂತ ಅವರು ಎಷ್ಟೋ ಬೇಗ. ಆ ಬೇಗಕ್ಕೆ ಅವರು ಎಷ್ಟು ವರ್ಷ ಅಭ್ಯಾಸ ಮಾಡಿರಬೇಕು ಅಂತ ಯೋಚಿಸಿದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇಷ್ಟೆಲ್ಲ ಎಚ್ಚರ ಇದ್ದೂ ನಾನು ಒಂದು ದೊಡ್ಡ ತಪ್ಪು ಮಾಡಿದೆ. ರೆಕಾರ್ಡಿಂಗ್‌ಗಳನ್ನು ಕೇಳಿ ಬರೆದುಕೊಡಲು ಹೊರಗಿನವರಿಗೆ ಕೊಟ್ಟಿದ್ದೆ. ಹೆಸರು, ಊರು ಎಲ್ಲ ತೆಗೆದಿದ್ದೆ. ಧ್ವನಿ ಮಾತ್ರ ಇತ್ತು. ನಾಲ್ಕನೇ ದಿನ ಟೈಪ್ ಮಾಡುತ್ತಿದ್ದ ಹುಡುಗಿ ನನ್ನ ಕೋಣೆಗೆ ಬಂದು ಸುಮ್ನೆ ನಿಂತಳು. ಅವಳ ಕೈ ನಡುಗುತ್ತಿತ್ತು. "ಮೇಡಂ, ಇದು ನಮ್ಮ ಚಿಕ್ಕಮ್ಮ."

ಅದೃಷ್ಟಕ್ಕೆ ಅವಳು ಯಾರಿಗೂ ಹೇಳಲಿಲ್ಲ. ಆದರೆ ನಾನು ಕೊಟ್ಟ ಮಾತು ಅಲ್ಲಿಗೆ ಮುರಿದಿತ್ತು. ಗೊತ್ತಾಗಬಾರದಿದ್ದವರಿಗೆ ಗೊತ್ತಾಗಿತ್ತು. ಆ ಹುಡುಗಿಗೂ ನಾನು ಅನ್ಯಾಯ ಮಾಡಿದೆ, ಹೊರಲಾರದ ಭಾರವೊಂದನ್ನು ಅವಳ ಕಿವಿಗೆ ಹಾಕಿದೆ. ಸಮಿತಿಗೆ ನಾನೇ ಬರೆದು ತಿಳಿಸಿದೆ. ಆ ಹೆಂಗಸನ್ನು ಭೇಟಿಯಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ತುಂಬ ಹೊತ್ತು ಸುಮ್ಮನಿದ್ದು, "ಅವಳಿಗೆ ಗೊತ್ತಾಗಿದ್ದು ಒಳ್ಳೇದೇ ಆಯ್ತೇನೋ" ಅಂದರು. ಅದು ಅವರ ದೊಡ್ಡತನ, ನನ್ನ ತಪ್ಪಿಗೆ ಅದರಿಂದ ಕ್ಷಮೆ ಸಿಗುವುದಿಲ್ಲ. ಅವತ್ತಿನಿಂದ ಸಂದರ್ಶನ ಮಾಡಿದವರೇ ಅದನ್ನು ಬರೆದುಕೊಳ್ಳಬೇಕು ಅನ್ನುವುದು ನಮ್ಮ ತಂಡದ ನಿಯಮ. ನಿಧಾನ ಆಗುತ್ತದೆ. ಆಗಲಿ.

ಈಗ ಐದನೇ ಪ್ರಶ್ನೆಯ ವಿಷಯಕ್ಕೆ ಬರುತ್ತೇನೆ. ಬರೆಯಲು ತಡ ಮಾಡಿದ್ದೂ ಇದನ್ನೇ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿಯಲ್ಲಿ ದೈಹಿಕ ಹಿಂಸೆಯ ಬಗ್ಗೆ ಆರು ಸಾಲುಗಳಿದ್ದವು. ನಾವೂ ಅದನ್ನೇ ಅನುಸರಿಸಿದ್ದೆವು. ಐದನೇ ಸಾಲು: ಕುತ್ತಿಗೆ ಹಿಸುಕಿದ್ದಾರಾ ಅಥವಾ ಬೇಕಂತಲೇ ಸುಟ್ಟಿದ್ದಾರಾ? ಎರಡೂ ಸೇರಿ ಒಂದೇ ಗುರುತು. ಆರನೆಯದು ಆಯುಧದ ಬಗ್ಗೆ.

ನನ್ನ ಪಿಎಚ್‌ಡಿ ಕಾಲದ ಒಂದು ಸಂದರ್ಶನ. ಚಿಕ್ಕ ವಯಸ್ಸಿನವರು, ಮಗು ಮಡಿಲಲ್ಲಿ ಮಲಗಿತ್ತು. ಮೊದಲ ನಾಲ್ಕಕ್ಕೂ ಹೌದು. ಐದನೆಯದಕ್ಕೆ, "ಹೂಂ, ಕುತ್ತಿಗೆ ಒಂದೆರಡು ಸಲ ಹಿಡಿದಿದ್ದಾರೆ. ಗುರುತೇನೂ ಉಳೀಲಿಲ್ಲ. ಕಣ್ಣು ಕತ್ತಲೆ ಬಂತು, ಆಮೇಲೆ ಬಿಟ್ಟರು" ಅಂದರು. ನಾನು ಗುರುತು ಹಾಕಿಕೊಂಡು ಆರನೆಯದನ್ನು ಕೇಳಿದೆ. ರೆಕಾರ್ಡಿಂಗ್‌ನಲ್ಲಿ ಅವರ ಮಾತು ಮುಗಿಯುವುದಕ್ಕೂ ನನ್ನ ಮುಂದಿನ ಪ್ರಶ್ನೆಗೂ ನಡುವೆ ಎರಡು ಸೆಕೆಂಡೂ ಇಲ್ಲ.

ಕೊನೆಗೆ ನಂಬರಿನ ಚೀಟಿ ಕೊಟ್ಟೆ. ಧನ್ಯವಾದ ಹೇಳಿದೆ. ಬಂದೆ.

ಅಮೆರಿಕದ ನರ್ಸ್ ಮತ್ತು ಸಂಶೋಧಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ 1980ರ ದಶಕದಲ್ಲೇ ಒಂದು ಅಪಾಯದ ಪಟ್ಟಿ ಮಾಡಿದ್ದರು. ಸಂಗಾತಿಯ ಕೈಯಲ್ಲೇ ಸಾಯುವ ಅಪಾಯ ಯಾರಿಗೆ ಹೆಚ್ಚು ಅಂತ ಮುಂಚೆಯೇ ಗುರುತಿಸಲಿಕ್ಕೆ. ಅವರ ಗುಂಪು ಅಮೆರಿಕದ ಹಲವು ನಗರಗಳಲ್ಲಿ ಮಾಡಿದ ಅಧ್ಯಯನದಿಂದ 2008ರಲ್ಲಿ ಒಂದು ಪೇಪರ್ ಬಂತು. ಸಂಗಾತಿ ಹಿಂದೆ ಒಮ್ಮೆ ಕುತ್ತಿಗೆ ಹಿಸುಕಿದ್ದರೆ, ಮುಂದೆ ಕೊಲೆಯಾಗುವ ಸಂಭವ 7 ಪಟ್ಟಿಗೂ ಜಾಸ್ತಿ ಅಂತ ಅದರಲ್ಲಿತ್ತು. ಹೊರಗೆ ಗುರುತು ಉಳಿಯದಿರುವುದು ಸಾಮಾನ್ಯ ಅಂತಲೂ ಈಗ ಗೊತ್ತು. ಕುತ್ತಿಗೆಯ ರಕ್ತನಾಳ ಒತ್ತಿದರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ. ಒಳಗಿನ ರಕ್ತನಾಳಕ್ಕೆ ಆದ ಪೆಟ್ಟು ದಿನಗಳಾದ ಮೇಲೆ ಪಾರ್ಶ್ವವಾಯುವಾಗಿ ಕಾಣಿಸಿಕೊಳ್ಳಬಹುದು. ಕಣ್ಣು ಕತ್ತಲೆ ಬಂತು ಅಂದರೆ ಅವರು ಸಾವಿನ ಹತ್ತಿರಕ್ಕೆ ಹೋಗಿ ಬಂದಿದ್ದರು ಅಂತಲೇ ಅರ್ಥ.

ಆ ಪೇಪರ್ ಓದಿದ ದಿನ ಹಳೆಯ ಕಡತಗಳನ್ನು ತೆಗೆದು ಕೂತೆ. ಐದನೇ ಸಾಲಿಗೆ ಹೌದು ಅಂದವರೆಷ್ಟು ಮಂದಿ ಅಂತ ಎಣಿಸಿದೆ. ಅದರಲ್ಲಿ ಕುತ್ತಿಗೆ ಎಷ್ಟು, ಸುಟ್ಟದ್ದು ಎಷ್ಟು ಅಂತ ಹೇಳಲು ಅಂಕಿಗಳಿಂದ ಆಗುವುದಿಲ್ಲ. ರೆಕಾರ್ಡಿಂಗ್ ಇದ್ದವರದು ಮಾತ್ರ ಕೇಳಬಹುದಿತ್ತು. ಕೇಳಿದೆ. ಪ್ರತಿ ಸಲವೂ ನಾನು ಆರನೇ ಪ್ರಶ್ನೆಗೆ ಹೋಗಿದ್ದೆ. ನಾವು ಮಾತು ಕೊಟ್ಟಂತೆ ವಿಳಾಸಗಳನ್ನು ಅಳಿಸಿಹಾಕಿದ್ದೆವು, ಮತ್ತೆ ಹೋಗಿ ನೋಡುವ ದಾರಿ ಇರಲಿಲ್ಲ. ಆ ಮಗುವಿನ ತಾಯಿ ಈಗ ಹೇಗಿದ್ದಾರೋ ನನಗೆ ಗೊತ್ತಿಲ್ಲ. ಗುರುತು ಮುಚ್ಚಿಡುವುದು ಸರಿಯಾದ ನಿಯಮ. ಅವತ್ತು ಮಾತ್ರ ಅದು ನನಗೆ ತುಂಬ ಕ್ರೂರ ಅನ್ನಿಸಿತು.

ನನ್ನ ಪ್ರಶ್ನಾವಳಿಯಲ್ಲಿ ಈಗ ಆ ಸಾಲು ಎರಡಾಗಿದೆ. ಕುತ್ತಿಗೆಯದು ಬೇರೆ, ಸುಟ್ಟದ್ದು ಬೇರೆ. ಕುತ್ತಿಗೆಗೆ ಹೌದು ಅಂದರೆ ಸಂಶೋಧನೆ ಅಲ್ಲಿಗೆ ನಿಲ್ಲುತ್ತದೆ. ಉಸಿರಾಟ, ನುಂಗುವುದು, ಧ್ವನಿ, ತಲೆನೋವು ಇವುಗಳ ಬಗ್ಗೆ ಕೇಳುತ್ತೇವೆ. ಅಪಾಯ ಎಷ್ಟಿದೆ ಅಂತ ಅವರಿಗೆ ಸ್ಪಷ್ಟವಾಗಿ ಹೇಳುತ್ತೇವೆ. ಅವರು ಒಪ್ಪಿದರೆ ವೈದ್ಯರಿಗೂ ಸಹಾಯ ಮಾಡುವವರಿಗೂ ಅಲ್ಲಿಂದಲೇ ಫೋನು. ಹೀಗೆ ಮಾಡಿದರೆ ಡೇಟಾ ಕೆಡುತ್ತೆ ಅಂತ ವಾದ ಮಾಡಿದವರಿದ್ದಾರೆ. ಕೆಟ್ಟರೆ ಕೆಡಲಿ.

ಒಂದು ಪ್ರಶ್ನೆಯನ್ನು ಕಿತ್ತೂ ಹಾಕಿದ್ದೇವೆ. "ಯಾಕೆ ಬಿಟ್ಟು ಬರಲಿಲ್ಲ?" ಅನ್ನೋದು. ಎಲ್ಲರೂ ಕೇಳುವ ಪ್ರಶ್ನೆ, ಮೊದಲು ನಾನೂ ಕೇಳುತ್ತಿದ್ದೆ. ಕೊಲೆಯ ಅಪಾಯ ಹೆಚ್ಚುವುದೇ ಬಿಟ್ಟು ಹೊರಟಾಗ, ಬಿಟ್ಟು ಬಂದ ಹೊಸದರಲ್ಲಿ. ಅದು ನಮ್ಮ ಅಧ್ಯಯನಗಳಿಂದ ಗೊತ್ತಾಗುವ ಮೊದಲೇ ಆ ಹೆಂಗಸರಿಗೆ ಗೊತ್ತಿತ್ತು. ಸುಮ್ಮನೆ ಉಳಿದವರು ಅನ್ನುತ್ತೇವಲ್ಲ, ಅವರು ದಿನಾ ಲೆಕ್ಕ ಹಾಕುತ್ತಿರುತ್ತಾರೆ. ಯಾವತ್ತು ಹೊರಡಬಹುದು, ಮಕ್ಕಳ ಜೊತೆ ಎಲ್ಲಿಗೆ, ಕೈಯಲ್ಲಿ ಎಷ್ಟಿದೆ. ಈಗ "ಇಷ್ಟು ದಿನ ಹೇಗೆ ಕಾಪಾಡಿಕೊಂಡು ಬಂದಿರಿ?" ಅಂತ ಕೇಳುತ್ತೇವೆ. ಉತ್ತರಗಳು ಪುಟಗಟ್ಟಲೆ ಬರುತ್ತವೆ.

ಪರಿಹಾರ ಏನು ಅಂತ ಕೇಳುವವರಿಗೆ ನಾನು ಅವಸರದ ಉತ್ತರ ಕೊಡುವುದಿಲ್ಲ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಜೊತೆ ಮಾಡಿದ ಪ್ರಯೋಗದ ಫಲಿತಾಂಶ 1984ರಲ್ಲಿ ಬಂದಾಗ, ಬಂಧಿಸಿದರೆ ಮತ್ತೆ ಹೊಡೆಯುವುದು ಕಡಿಮೆ ಆಗುತ್ತೆ ಅಂತ ಎಲ್ಲೆಡೆ ಸುದ್ದಿಯಾಯಿತು, ಕಾನೂನುಗಳೂ ಬದಲಾದವು. ಅದೇ ಪ್ರಯೋಗವನ್ನು ಬೇರೆ ನಗರಗಳಲ್ಲಿ ಮಾಡಿದಾಗ ಫಲಿತಾಂಶ ಒಂದೇ ಥರ ಬರಲಿಲ್ಲ. ಮಿಲ್ವಾಕಿಯಲ್ಲಿ, ಕೆಲಸ ಇಲ್ಲದ ಗಂಡಸರಲ್ಲಿ ಬಂಧನದ ನಂತರ ಹಿಂಸೆ ಹೆಚ್ಚಾಗಿತ್ತು. ಒಂದೇ ಪೇಪರ್ ಹಿಡಿದು ಲಕ್ಷಾಂತರ ಮನೆಗಳ ಬಗ್ಗೆ ತೀರ್ಮಾನ ಮಾಡಬಾರದು ಅಂತ ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಇದನ್ನು ಹೇಳುತ್ತೇನೆ. ಭರವಸೆ ಕೊಡುವ ಕೆಲಸಗಳೂ ಇವೆ. ಉಗಾಂಡಾದ ಕಂಪಾಲಾದಲ್ಲಿ ಸಾಸಾ ಅನ್ನುವ ಕಾರ್ಯಕ್ರಮದಡಿ ನೆರೆಹೊರೆಯ ಗಂಡಸರು ಹೆಂಗಸರೇ ವರ್ಷಗಟ್ಟಲೆ ಈ ವಿಷಯ ಮಾತಾಡಿದರು. ಕಾರ್ಯಕ್ರಮ ನಡೆದ ಕಡೆ ಸಂಗಾತಿಯ ದೈಹಿಕ ಹಿಂಸೆ ಉಳಿದ ಕಡೆಗಿಂತ ಶೇ. 52ರಷ್ಟು ಕಡಿಮೆ ಇತ್ತು ಅಂತ 2014ರಲ್ಲಿ ವರದಿಯಾಯಿತು. ಇದು ಹೀಗೇ ಇರುತ್ತೆ, ಬದಲಾಗಲ್ಲ ಅನ್ನುವವರಿಗೆ ನಾನು ಆ ಅಂಕಿ ತೋರಿಸುತ್ತೇನೆ.

ಹೊಸ ತಂಡದ ತರಬೇತಿ ಈಗ ನಡೆಯುತ್ತಿದೆ. ಜೋಡಿಯಾಗಿ ಕೂತು, ಒಬ್ಬರು ಕೇಳುವವರು, ಇನ್ನೊಬ್ಬರು ಹೇಳುವವರು ಅಂತ ಅಭ್ಯಾಸ ಮಾಡುತ್ತಾರೆ. ನಿನ್ನೆ ಹೇಳುವವಳ ಪಾತ್ರ ನನ್ನದು. ಎದುರಿಗೆ ಕೂತಿದ್ದ ಹುಡುಗಿ ಈ ಕೆಲಸಕ್ಕೆ ಹೊಸಬಳು. ಐದನೇ ಪ್ರಶ್ನೆ ಬಂತು. ನಾನು ಹಳೆಯ ರೆಕಾರ್ಡಿಂಗ್‌ನ ಮಾತನ್ನೇ ಹೇಳಿದೆ: "ಹೂಂ, ಒಂದೆರಡು ಸಲ ಹಿಡಿದಿದ್ದಾರೆ. ಗುರುತೇನೂ ಉಳೀಲಿಲ್ಲ."

ಅವಳು ಪೆನ್ನು ಕೆಳಗಿಟ್ಟಳು. ಕಾಗದ ಮಗುಚಿದಳು. ಸ್ವಲ್ಪ ಮುಂದೆ ಬಾಗಿ, "ಅಕ್ಕ, ಆಗ ಉಸಿರಾಡಲು ಆಗ್ತಿತ್ತಾ? ಈಗ ನುಂಗುವಾಗ ನೋವಿದೆಯಾ?" ಅಂತ ಕೇಳಿದಳು.

ನಾನು ಪಾತ್ರ ಮರೆತು ಅವಳ ಮುಖ ನೋಡುತ್ತಾ ಕೂತೆ. ಅವಳು ಕಾಯುತ್ತಿದ್ದಳು.